ಕೊಪ್ಪಾ ಇಟಾಲಿಯಾ: ಪದೇ ಪದೇ ಕೇಳುವ ಪ್ರಶ್ನೆಗಳು

ಇಟಲಿಯ ಲೀಗ್ ಫುಟ್‌ಬಾಲ್ ಅರ್ಥವಾದವರಿಗೂ ಅಲ್ಲಿನ ರಾಷ್ಟ್ರೀಯ ನಾಕೌಟ್ ಕಪ್ ಗೊಂದಲ ಹುಟ್ಟಿಸುತ್ತದೆ. ಕೆಲವು ತಂಡಗಳು ಆಗಸ್ಟ್‌ನಲ್ಲೇ ಆಡುತ್ತವೆ, ಕೆಲವು ಡಿಸೆಂಬರ್‌ವರೆಗೆ ಕಾಣಿಸುವುದೇ ಇಲ್ಲ. ಒಂದು ಸುತ್ತಿನಲ್ಲಿ ಹೆಚ್ಚುವರಿ ಸಮಯ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಇದನ್ನೆಲ್ಲ ಬಿಡಿಸಿಕೊಳ್ಳಲು ಒಂದು ಸಂಗತಿ ತಿಳಿದಿದ್ದರೆ ಸಾಕು: ಈ ಕಪ್‌ನ ಪಟ್ಟಿಯನ್ನು ಎಂಟು ತಂಡಗಳನ್ನು ಮುಂದಿಟ್ಟುಕೊಂಡು ರೂಪಿಸಲಾಗಿದೆ. ಯಾರು ಯಾವಾಗ ಬರುತ್ತಾರೆ, ಯಾರ ಅಂಗಳದಲ್ಲಿ ಆಡುತ್ತಾರೆ ಎಂಬುದೆಲ್ಲ ಅಲ್ಲಿಂದಲೇ ಹೊರಡುತ್ತದೆ.

ಕೊಪ್ಪಾ ಇಟಾಲಿಯಾಗೂ ಸೀರಿ ಎ ಲೀಗ್‌ಗೂ ಏನು ಸಂಬಂಧ?

ಎರಡೂ ಬೇರೆ ಬೇರೆ ಟೂರ್ನಿಗಳು. ಸೀರಿ ಎ 20 ತಂಡಗಳ ಲೀಗ್. ಅಲ್ಲಿ ಪ್ರತಿ ತಂಡ 38 ಪಂದ್ಯ ಆಡುತ್ತದೆ, ಅಂಕಗಳ ಮೇಲೆ ಚಾಂಪಿಯನ್ ನಿರ್ಧಾರವಾಗುತ್ತದೆ. ಕೊಪ್ಪಾದಲ್ಲಿ ಅಂಕಪಟ್ಟಿ ಇಲ್ಲ, ಸೋತ ತಂಡ ಮನೆಗೆ. ಎರಡನ್ನೂ ನಡೆಸುವುದು ಮಿಲಾನ್‌ನಲ್ಲಿ ಕಚೇರಿ ಇರುವ ಲೇಗಾ ಸೀರಿ ಎ ಸಂಸ್ಥೆಯೇ. ಲೀಗ್‌ನ ಅಂಕಗಳಿಗೂ ಕಪ್‌ನ ಫಲಿತಾಂಶಕ್ಕೂ ಲೆಕ್ಕದ ನಂಟಿಲ್ಲ. ಆದರೆ ಹಿಂದಿನ ವರ್ಷ ಲೀಗ್‌ನಲ್ಲಿ ಪಡೆದ ಸ್ಥಾನವೇ ಈ ವರ್ಷ ಕಪ್‌ನಲ್ಲಿ ನಿಮ್ಮ ದಾರಿ ಎಷ್ಟು ಉದ್ದ ಎಂಬುದನ್ನು ತೀರ್ಮಾನಿಸುತ್ತದೆ.

ಎಷ್ಟು ತಂಡಗಳು ಆಡುತ್ತವೆ? ಯಾರು ಯಾವ ಸುತ್ತಿನಲ್ಲಿ ಬರುತ್ತಾರೆ?

2021-22ರಿಂದ 44 ತಂಡಗಳು: ಸೀರಿ ಎ ಯ ಎಲ್ಲ 20, ಎರಡನೇ ದರ್ಜೆಯಾದ ಸೀರಿ ಬಿ ಯ ಎಲ್ಲ 20, ಮೂರನೇ ದರ್ಜೆಯಾದ ಸೀರಿ ಸಿ ಯಿಂದ 4. ಒಟ್ಟು 45 ಪಂದ್ಯ.

ಆಗಸ್ಟ್ ಮೊದಲರ್ಧದಲ್ಲಿ ಪ್ರಾಥಮಿಕ ಸುತ್ತು. ಸೀರಿ ಸಿ ಯ 4 ಮತ್ತು ಸೀರಿ ಬಿ ಯ 4 ತಂಡಗಳ ನಡುವೆ 4 ಪಂದ್ಯ ನಡೆಯುತ್ತವೆ. ಇಲ್ಲಿ ಆಡುವ ಸೀರಿ ಬಿ ತಂಡಗಳು ಸಾಮಾನ್ಯವಾಗಿ ಆಗಷ್ಟೇ ಕೆಳಗಿನ ದರ್ಜೆಯಿಂದ ಬಡ್ತಿ ಪಡೆದವು.

ಆಗಸ್ಟ್ ಮಧ್ಯದಲ್ಲಿ, ಲೀಗ್ ಶುರುವಾಗುವ ಹೊತ್ತಿಗೆ ಮುಂಚೆ, 32 ತಂಡಗಳ ಮೊದಲ ಸುತ್ತು: ಪ್ರಾಥಮಿಕ ಸುತ್ತಿನಲ್ಲಿ ಗೆದ್ದ 4, ಸೀರಿ ಬಿ ಯ ಉಳಿದ 16, ಸೀರಿ ಎ ಯ 12. ಆಟಗಾರರ ವರ್ಗಾವಣೆ ಮಾರುಕಟ್ಟೆ ಆಗ ಇನ್ನೂ ತೆರೆದೇ ಇರುತ್ತದೆ. ಸೀರಿ ಎ ತಂಡಗಳು ಅರ್ಧಂಬರ್ಧ ಸಿದ್ಧವಾಗಿ ಅಂಗಳಕ್ಕಿಳಿದು ಎಡವುವುದು ಈ ಸುತ್ತಿನಲ್ಲೇ ಹೆಚ್ಚು.

ಗೆದ್ದ 16 ತಂಡಗಳು ಸೆಪ್ಟೆಂಬರ್ ಕೊನೆಯ ಹೊತ್ತಿಗೆ, ವಾರದ ನಡುವಿನ ದಿನಗಳಲ್ಲಿ, ಎರಡನೇ ಸುತ್ತು ಆಡುತ್ತವೆ. ಉಳಿಯುವುದು 8. ಆ 8ಕ್ಕೆ ಎದುರಾಗಿ, ಡಿಸೆಂಬರ್ ಆಸುಪಾಸಿನ ಪ್ರಿ ಕ್ವಾರ್ಟರ್‌ಫೈನಲ್‌ನಲ್ಲಿ, ಅಲ್ಲಿಯವರೆಗೆ ಕಾಯುತ್ತಿದ್ದ ಅಗ್ರ 8 ತಂಡಗಳು ಇಳಿಯುತ್ತವೆ. ನಂತರ ಕ್ವಾರ್ಟರ್‌ಫೈನಲ್, ಎರಡು ಲೆಗ್‌ಗಳ (ಇಬ್ಬರ ಅಂಗಳದಲ್ಲೂ ಒಂದೊಂದು ಪಂದ್ಯ) ಸೆಮಿಫೈನಲ್, ಮೇ ತಿಂಗಳಲ್ಲಿ ಫೈನಲ್.

ಈ ಏಣಿಯ ಪರಿಣಾಮ ಇಷ್ಟು: ಅಗ್ರ ಎಂಟರಲ್ಲಿರುವ ತಂಡ 5 ಪಂದ್ಯ ಆಡಿ ಕಪ್ ಎತ್ತಬಹುದು. ಸೀರಿ ಎ ಯ ಉಳಿದ ತಂಡಗಳಿಗೆ 7 ಪಂದ್ಯ ಬೇಕು. ಪ್ರಾಥಮಿಕ ಸುತ್ತಿನಿಂದ ಹೊರಟ ತಂಡಕ್ಕೆ 8.

ಆ ಅಗ್ರ ಎಂಟು ತಂಡಗಳನ್ನು ಆರಿಸುವುದು ಹೇಗೆ?

ಹಿಂದಿನ ಋತುವಿನ ಸೀರಿ ಎ ಸ್ಥಾನಗಳ ಮೇಲೆ. ಕಪ್‌ನ ಹಾಲಿ ಚಾಂಪಿಯನ್ ಮೊದಲ ಎಂಟರೊಳಗೆ ಇಲ್ಲದಿದ್ದರೂ ಅದಕ್ಕೊಂದು ಜಾಗ ಮೀಸಲು, ಆಗ ಎಂಟನೇ ತಂಡ ಜಾಗ ಕಳೆದುಕೊಳ್ಳುತ್ತದೆ. 2025ರಲ್ಲಿ ಹೀಗೇ ಆಯಿತು. ಬೊಲೊನ್ಯಾ ಲೀಗ್‌ನಲ್ಲಿ 9ನೇ ಸ್ಥಾನ ಪಡೆದಿತ್ತು, ಆದರೆ ಎಸಿ ಮಿಲಾನ್ ತಂಡವನ್ನು ಸೋಲಿಸಿ ಕಪ್ ಗೆದ್ದಿತ್ತು. ಅದೇ ಮಿಲಾನ್ ಲೀಗ್‌ನಲ್ಲಿ 8ನೆಯದು. ಹೀಗಾಗಿ 2025-26ರಲ್ಲಿ ಬೊಲೊನ್ಯಾ ನೇರವಾಗಿ ಪ್ರಿ ಕ್ವಾರ್ಟರ್‌ಫೈನಲ್‌ಗೆ ಬಂತು. ಮಿಲಾನ್ ಆಗಸ್ಟ್‌ನಲ್ಲೇ ಬಾರಿ ಎಂಬ ತಂಡದ ವಿರುದ್ಧ, ಸೆಪ್ಟೆಂಬರ್‌ನಲ್ಲಿ ಲೆಚ್ಚೆ ವಿರುದ್ಧ ಆಡಿ ಬರಬೇಕಾಯಿತು. ಎರಡನ್ನೂ ಗೆದ್ದು ಬಂದ ಮಿಲಾನ್, ಡಿಸೆಂಬರ್‌ನಲ್ಲಿ ಲಾಜಿಯೊ ಎದುರು 1-0ರಿಂದ ಸೋತು ಹೊರಬಿತ್ತು. ಒಂದು ಫೈನಲ್ ಸೋಲಿನ ಬೆಲೆ ಮುಂದಿನ ಋತುವಿನವರೆಗೂ ಚಾಚಿಕೊಂಡಿತ್ತು.

ಪಂದ್ಯ ಯಾರ ಅಂಗಳದಲ್ಲಿ? ಚೀಟಿ ಎತ್ತುತ್ತಾರೆಯೇ?

ಇಲ್ಲ. ಪಟ್ಟಿಯಲ್ಲಿ ಪ್ರತಿ ತಂಡಕ್ಕೆ ಒಂದು ಸಂಖ್ಯೆ ಇರುತ್ತದೆ. ಹಿಂದಿನ ಋತುವಿನಲ್ಲಿ ಮೇಲಿದ್ದವರಿಗೆ ಚಿಕ್ಕ ಸಂಖ್ಯೆ. ಒಂದೇ ಪಂದ್ಯದ ಸುತ್ತುಗಳಲ್ಲಿ ಚಿಕ್ಕ ಸಂಖ್ಯೆಯ ತಂಡಕ್ಕೆ ತವರು ಅಂಗಳ. ಅಂದರೆ ಬಲಿಷ್ಠರಿಗೇ ಮನೆಯ ಅನುಕೂಲ.

ಈ ಕಪ್‌ನ ಅತಿ ದೊಡ್ಡ ಕೊರತೆ ಇದೇ. ಸಣ್ಣ ಊರಿನ ಕ್ಲಬ್ಬೊಂದು ಇಂಟರ್ ಮಿಲಾನನ್ನೋ ಯುವೆಂಟಸನ್ನೋ ತನ್ನ ಅಂಗಳಕ್ಕೆ ಬರಮಾಡಿಕೊಳ್ಳುವ ದಿನ ಆ ಊರಿಗೆ ಹಬ್ಬ. ಟಿಕೆಟ್ ಹಣ ಬರುತ್ತದೆ, ಮಕ್ಕಳು ಕ್ಲಬ್ಬಿನತ್ತ ತಿರುಗುತ್ತಾರೆ, ಗೆಲ್ಲುವ ಸಾಧ್ಯತೆಯೂ ಒಂದಿಷ್ಟು ಏರುತ್ತದೆ. ಈಗಿನ ಪದ್ಧತಿ ಆ ಹಬ್ಬವನ್ನು ಕಿತ್ತುಕೊಂಡಿದೆ. ದೊಡ್ಡ ತಂಡಗಳು ಅರ್ಧ ಖಾಲಿ ಇರುವ ತಮ್ಮದೇ ಸ್ಟೇಡಿಯಂನಲ್ಲಿ ಮೀಸಲು ಆಟಗಾರರನ್ನು ಇಳಿಸಿ ಆಡುತ್ತವೆ. ನಿಯಮವನ್ನು ತಿರುವಿ ಹಾಕಿ ಕೆಳ ದರ್ಜೆಯ ತಂಡಕ್ಕೆ ತವರು ಅಂಗಳ ಕೊಟ್ಟರೆ ಕಪ್‌ಗೆ ಜೀವ ಬರುತ್ತದೆ. ಅಭಿಮಾನಿಗಳು ಇದನ್ನು ಕೇಳುತ್ತಲೇ ಇದ್ದಾರೆ, ಕೇಳುವುದು ನ್ಯಾಯವೂ ಹೌದು.

90 ನಿಮಿಷಕ್ಕೆ ಸಮವಾದರೆ?

2024-25ರಿಂದ ಕ್ವಾರ್ಟರ್‌ಫೈನಲ್‌ವರೆಗೆ ಹೆಚ್ಚುವರಿ ಸಮಯ ಇಲ್ಲ, ನೇರವಾಗಿ ಪೆನಾಲ್ಟಿ ಶೂಟೌಟ್. ಸೆಮಿಫೈನಲ್‌ನ ಎರಡು ಲೆಗ್‌ಗಳ ಒಟ್ಟು ಗೋಲು ಸಮವಾದಾಗ ಮತ್ತು ಫೈನಲ್‌ನಲ್ಲಿ ಮಾತ್ರ 30 ನಿಮಿಷದ ಹೆಚ್ಚುವರಿ ಆಟ, ಆಮೇಲೂ ಸಮವಿದ್ದರೆ ಪೆನಾಲ್ಟಿ. ಎದುರಾಳಿಯ ಅಂಗಳದಲ್ಲಿ ಹೊಡೆದ ಗೋಲಿಗೆ ಹೆಚ್ಚಿನ ತೂಕ ಕೊಡುವ ಹಳೆಯ ಪದ್ಧತಿ ಈಗಿಲ್ಲ.

ಈ ಬದಲಾವಣೆ ಆಟಗಾರರ ದಣಿವು ತಗ್ಗಿಸಲು ಬಂದದ್ದಾದರೂ ಅದರ ಲಾಭ ಸಣ್ಣ ತಂಡಗಳಿಗೂ ಸಿಕ್ಕಿದೆ. ಬಲಿಷ್ಠ ತಂಡದ ಬೆಂಚಿನ ಆಳ ಕಾಣಿಸುವುದೇ ಆ ಕೊನೆಯ 30 ನಿಮಿಷಗಳಲ್ಲಿ. ಅದನ್ನು ತೆಗೆದುಬಿಟ್ಟರೆ 90 ನಿಮಿಷ ಗಟ್ಟಿಯಾಗಿ ತಡೆದು ನಿಂತವರಿಗೆ ಅವಕಾಶ. 2024-25ರಲ್ಲಿ ಎಂಪೊಲಿ ಮೊದಲು ಫಿಯೊರೆಂಟಿನಾವನ್ನು, ಆಮೇಲೆ ಟ್ಯೂರಿನ್‌ನಲ್ಲಿ ಹಾಲಿ ಚಾಂಪಿಯನ್ ಯುವೆಂಟಸನ್ನು ಪೆನಾಲ್ಟಿಯಲ್ಲಿ ಕೆಡವಿ ಮೊದಲ ಬಾರಿಗೆ ಸೆಮಿಫೈನಲ್ ತಲುಪಿತು. ಅದೇ ಋತುವಿನ ಕೊನೆಗೆ ಎಂಪೊಲಿ ಸೀರಿ ಬಿ ಗೆ ಹಿಂಬಡ್ತಿ ಪಡೆಯಿತು.

ಹಳೆಯ ಪಂದ್ಯಗಳ ವಿವರ ಓದುವಾಗ ಆಯಾ ವರ್ಷದ ನಿಯಮ ನೋಡಿಕೊಳ್ಳಿ. 2023ರ ಡಿಸೆಂಬರ್‌ನಲ್ಲಿ ಬೊಲೊನ್ಯಾ ಇಂಟರ್ ತಂಡವನ್ನು 2-1ರಿಂದ ಸೋಲಿಸಿದ್ದು ಹೆಚ್ಚುವರಿ ಸಮಯದಲ್ಲಿ. 2020ರ ಫೈನಲ್‌ನಲ್ಲಿ ಮಾತ್ರ ಕೋವಿಡ್ ನಂತರದ ವಿಶೇಷ ನಿಯಮದಂತೆ ಹೆಚ್ಚುವರಿ ಸಮಯವೇ ಇರಲಿಲ್ಲ. 0-0 ಆದ ಕೂಡಲೇ ಪೆನಾಲ್ಟಿ, ನಾಪೋಲಿ 4-2ರಿಂದ ಯುವೆಂಟಸನ್ನು ಮಣಿಸಿತು.

ಬದಲಿ ಆಟಗಾರರ ಲೆಕ್ಕ ತಪ್ಪಿದರೆ ಏನಾಗುತ್ತದೆ?

ಪಂದ್ಯ 3-0ರಿಂದ ಕೈತಪ್ಪುತ್ತದೆ. ಇದಕ್ಕೆ ಎಲ್ಲರೂ ನೆನೆಯುವ ಉದಾಹರಣೆ 2021ರ ಜನವರಿ 19ರಂದು ರೋಮಾ ಮತ್ತು ಸ್ಪೆಜಿಯಾ ನಡುವೆ ನಡೆದ ಪಂದ್ಯ. 90 ನಿಮಿಷಕ್ಕೆ 2-2. ಹೆಚ್ಚುವರಿ ಸಮಯದ ಆರಂಭದಲ್ಲೇ ರೋಮಾದ ಜಾನ್‌ಲೂಕಾ ಮಂಚಿನಿ, ಗೋಲ್‌ಕೀಪರ್ ಪೌ ಲೋಪೆಸ್ ಇಬ್ಬರಿಗೂ ಕೆಂಪು ಕಾರ್ಡ್. ಗೋಲ್‌ಕೀಪರ್ ಜಾಗ ತುಂಬುವ ಗಡಿಬಿಡಿಯಲ್ಲಿ ರೋಮಾ ಆರನೇ ಬದಲಾವಣೆ ಮಾಡಿತು. ಆಗಿನ ಕಪ್ ನಿಯಮದಲ್ಲಿ ಐದಕ್ಕಷ್ಟೇ ಅವಕಾಶ. ಹೆಚ್ಚುವರಿ ಸಮಯಕ್ಕೆ ಇನ್ನೊಂದು ಬದಲಿ ಸಿಗುತ್ತದೆ ಎಂಬ ಬೇರೆ ಟೂರ್ನಿಗಳ ನಿಯಮ ಇಲ್ಲಿ ಇರಲಿಲ್ಲ. ಸ್ಪೆಜಿಯಾ ಆಟದಲ್ಲೇ 4-2ರಿಂದ ಗೆದ್ದಿದ್ದರಿಂದ ತೀರ್ಪು ಯಾರ ಭವಿಷ್ಯವನ್ನೂ ಬದಲಿಸಲಿಲ್ಲ, ಆದರೂ ದಾಖಲೆಯಲ್ಲಿ ಅದು 3-0.

ಋತುವಿನ ನಡುವೆ ಕ್ಲಬ್ ಬದಲಿಸಿದ ಆಟಗಾರ ಹೊಸ ತಂಡದ ಪರ ಕಪ್‌ನಲ್ಲಿ ಆಡಬಹುದೇ?

ಆಡಬಹುದು. ಒಮ್ಮೆ ಒಂದು ಕ್ಲಬ್ಬಿಗೆ ಆಡಿದವನು ಆ ವರ್ಷ ಇನ್ನೊಂದಕ್ಕೆ ಆಡುವಂತಿಲ್ಲ ಎಂಬ ಇಂಗ್ಲೆಂಡ್ ಮಾದರಿಯ ಕಟ್ಟುಪಾಡು ಇಲ್ಲಿಲ್ಲ. ದುಸಾನ್ ವ್ಲಾಹೊವಿಚ್ 2022ರ ಜನವರಿಯಲ್ಲಿ ಫಿಯೊರೆಂಟಿನಾ ಪರ ನಾಪೋಲಿ ವಿರುದ್ಧ ಕಪ್ ಪಂದ್ಯದಲ್ಲಿ ಗೋಲು ಹೊಡೆದ. ಅದೇ ತಿಂಗಳು ಯುವೆಂಟಸ್ ಸೇರಿದ. ಮಾರ್ಚ್‌ನಲ್ಲಿ ಸೆಮಿಫೈನಲ್‌ಗೆ ತನ್ನ ಹಳೆಯ ತವರಾದ ಫ್ಲಾರೆನ್ಸ್ ಅಂಗಳಕ್ಕೆ, ಅದೇ ಫಿಯೊರೆಂಟಿನಾ ವಿರುದ್ಧ, ಯುವೆಂಟಸ್‌ನ ಬಿಳಿ ಕಪ್ಪು ಅಂಗಿಯಲ್ಲಿ ಬಂದ. ಸ್ಟೇಡಿಯಂ ಪೂರ್ತಿ ಸಿಳ್ಳೆ ಹೊಡೆದು ಅವನನ್ನು ಹೀಯಾಳಿಸಿತು.

ಹಳದಿ, ಕೆಂಪು ಕಾರ್ಡ್‌ಗಳು ಲೀಗ್‌ಗೂ ಅನ್ವಯಿಸುತ್ತವೆಯೇ?

ಇಲ್ಲ, ಕಪ್‌ನ ಖಾತೆ ಬೇರೆ. ಕಪ್ ಪಂದ್ಯದಲ್ಲಿ ಸಿಕ್ಕ ಅಮಾನತನ್ನು ಕಪ್ ಪಂದ್ಯದಲ್ಲೇ ತೀರಿಸಬೇಕು. ಲೀಗ್‌ನಲ್ಲಿ ಐದು ಹಳದಿ ಕಾರ್ಡ್‌ವರೆಗೆ ತಾಳುವ ವ್ಯವಸ್ಥೆ ಇದ್ದರೆ ಇಲ್ಲಿ ಎರಡಕ್ಕೇ ಒಂದು ಪಂದ್ಯದ ಅಮಾನತು. ಫೈನಲ್‌ನಲ್ಲಿ ಕೆಂಪು ಕಾರ್ಡ್ ಕಂಡವರು ಮುಂದಿನ ವರ್ಷದ ಕಪ್‌ನಲ್ಲಿ ಅದನ್ನು ತೀರಿಸುತ್ತಾರೆ.

ಮುಖ್ಯ ಗೋಲ್‌ಕೀಪರ್ ಏಕೆ ಆಡುತ್ತಿಲ್ಲ?

ಇಟಲಿಯಲ್ಲಿ ಕಪ್ ಪಂದ್ಯಗಳನ್ನು ಎರಡನೇ ಗೋಲ್‌ಕೀಪರ್‌ಗೆ ಬಿಟ್ಟುಕೊಡುವ ರೂಢಿ ಗಟ್ಟಿಯಾಗಿದೆ, ಅದೂ ಹಲವು ಬಾರಿ ಫೈನಲ್‌ವರೆಗೆ. ಯುವೆಂಟಸ್ 2016 ಮತ್ತು 2017ರ ಫೈನಲ್‌ಗಳಲ್ಲಿ ನೆಟೊನನ್ನು, 2024ರಲ್ಲಿ ಮಟಿಯಾ ಪೆರಿನ್‌ನನ್ನು ಆಡಿಸಿತು. 2021ರಲ್ಲಂತೂ ಎರಡನೆಯವನಾಗಿದ್ದವನು ಹೆಸರಾಂತ ಗೋಲ್‌ಕೀಪರ್ ಜಾನ್‌ಲುಯಿಜಿ ಬುಫೊನ್. ಅಟಲಾಂಟಾ ವಿರುದ್ಧ 2-1ರ ಆ ಗೆಲುವು ಅವನಿಗೆ ಆರನೇ ಕೊಪ್ಪಾ. ಆಟಗಾರನಾಗಿ ಆರು ಕೊಪ್ಪಾ ಗೆದ್ದ ಇನ್ನೊಬ್ಬ ರೊಬೆರ್ತೊ ಮಂಚಿನಿ: ಸಂಪ್ಡೋರಿಯಾದಲ್ಲಿ ನಾಲ್ಕು, ಲಾಜಿಯೊದಲ್ಲಿ ಎರಡು.

ಫೈನಲ್ ಯಾವಾಗಲೂ ರೋಮ್‌ನಲ್ಲೇ ಏಕೆ? ರೋಮಾ, ಲಾಜಿಯೊ ತಂಡಗಳಿಗೆ ಅದು ಅನುಕೂಲವಲ್ಲವೇ?

2008ರಿಂದ ಫೈನಲ್ ಒಂದೇ ಪಂದ್ಯ, ರೋಮ್‌ನ ಸ್ಟಾಡಿಯೊ ಒಲಿಂಪಿಕೊದಲ್ಲಿ. ರಾಜಧಾನಿಯಲ್ಲಿ, ರಾಷ್ಟ್ರಪತಿಯ ಸಮ್ಮುಖದಲ್ಲಿ ಕಪ್ ಕೊಡುವ ಸಂಪ್ರದಾಯ ಬೆಳೆದಿದೆ. 2021 ಮಾತ್ರ ಅಪವಾದ: ಆ ವರ್ಷ ರೆಜ್ಜೊ ಎಮಿಲಿಯಾದ ಮಪೇಯ್ ಸ್ಟೇಡಿಯಂನಲ್ಲಿ, ಮಿತ ಪ್ರೇಕ್ಷಕರ ಮುಂದೆ ನಡೆಯಿತು. 1981ರಿಂದ 2007ರವರೆಗೆ ಫೈನಲ್ ಎರಡು ಲೆಗ್‌ಗಳದ್ದು. ಅದಕ್ಕೂ ಹಿಂದೆ, 1968ರಿಂದ 1971ರವರೆಗೆ, ಫೈನಲ್ ಬದಲು ನಾಲ್ಕು ತಂಡಗಳ ಲೀಗ್ ಇತ್ತು.

ರಾಜಧಾನಿಯ ತಂಡಗಳಿಗೆ ಪರಿಚಿತ ಅಂಗಳ ಎಂಬುದು ನಿಜ. ಆದರೆ 2010ರಲ್ಲಿ ಅದೇ ಅಂಗಳದಲ್ಲಿ ಡಿಯೆಗೊ ಮಿಲಿಟೊನ ಒಂದೇ ಗೋಲಿನಿಂದ ಇಂಟರ್ ರೋಮಾವನ್ನು ಸೋಲಿಸಿತು. ಲೀಗ್ ಮತ್ತು ಯುರೋಪಿನ ಅಗ್ರ ಕ್ಲಬ್ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಸೇರಿ ಇಂಟರ್ ಮೂರೂ ಕಿರೀಟ ಗೆದ್ದ ವರ್ಷ ಅದು. 2013ರ ಮೇ 26ರಂದು ರೋಮಾ, ಲಾಜಿಯೊ ಇವೆರಡೇ ಫೈನಲ್‌ನಲ್ಲಿ ಎದುರಾದವು. 71ನೇ ನಿಮಿಷದಲ್ಲಿ ಸೆನಾದ್ ಲುಲಿಚ್ ಹೊಡೆದ ಗೋಲಿನಿಂದ ಲಾಜಿಯೊಗೆ ಕಪ್. ಲಾಜಿಯೊ ಅಭಿಮಾನಿಗಳು 71 ಎಂಬ ಅಂಕಿಯನ್ನು ಇವತ್ತಿಗೂ ಮೆರೆಸುತ್ತಾರೆ.

ಕಪ್ ಗೆದ್ದರೆ ಸಿಗುವುದೇನು?

ಮುಖ್ಯವಾಗಿ, ಚಾಂಪಿಯನ್ಸ್ ಲೀಗ್‌ನ ನಂತರದ ಯುರೋಪಿನ ಕ್ಲಬ್ ಟೂರ್ನಿಯಾದ ಯುರೋಪಾ ಲೀಗ್‌ಗೆ ಪ್ರವೇಶ. ಲೀಗ್‌ನಲ್ಲಿ 9ನೇ ಸ್ಥಾನಕ್ಕೆ ಯುರೋಪಿನ ಬಾಗಿಲು ತೆರೆಯುವುದಿಲ್ಲ. 2025ರಲ್ಲಿ ಬೊಲೊನ್ಯಾಕ್ಕೆ ತೆರೆದದ್ದು ಕಪ್ ಗೆದ್ದ ಕಾರಣಕ್ಕೆ. ಗೆದ್ದ ತಂಡ ಲೀಗ್ ಮೂಲಕ ಆಗಲೇ ಚಾಂಪಿಯನ್ಸ್ ಲೀಗ್‌ಗೆ ಅರ್ಹವಾಗಿದ್ದರೆ ಆ ಜಾಗ ಲೀಗ್ ಪಟ್ಟಿಯಲ್ಲಿ ಮುಂದಿನ ತಂಡಕ್ಕೆ ಜಾರುತ್ತದೆ. ಆದ್ದರಿಂದ ಮೇ ತಿಂಗಳಲ್ಲಿ ಆರನೇ, ಏಳನೇ ಸ್ಥಾನದಲ್ಲಿರುವ ತಂಡಗಳ ಅಭಿಮಾನಿಗಳು ತಮ್ಮದಲ್ಲದ ಕಪ್ ಫೈನಲ್ ಅನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ.

ಎರಡನೆಯದು ಸೂಪರ್‌ಕೊಪ್ಪಾ. 2023-24ರಿಂದ ಅದು ನಾಲ್ಕು ತಂಡಗಳ ಕಿರು ಟೂರ್ನಿ: ಲೀಗ್‌ನ ಮೊದಲ ಎರಡು ತಂಡಗಳು, ಕಪ್ ಫೈನಲ್‌ನ ಇಬ್ಬರೂ. ಫೈನಲ್‌ನಲ್ಲಿ ಸೋತವರಿಗೆ ಈಗ ಉಳಿದಿರುವ ಸಮಾಧಾನ ಇದೊಂದೇ. ಹಿಂದೆ, ಗೆದ್ದ ತಂಡ ಚಾಂಪಿಯನ್ಸ್ ಲೀಗ್‌ಗೆ ಹೋದರೆ ಸೋತ ತಂಡಕ್ಕೆ ಯುರೋಪ್ ಟಿಕೆಟ್ ಸಿಗುತ್ತಿತ್ತು. ಆ ದಾರಿ 2015ರ ಹೊತ್ತಿಗೆ ಮುಚ್ಚಿತು. ಆ ದಾರಿಯ ಮಹಿಮೆ ಕಂಡದ್ದು ಅಟಲಾಂಟಾ. 1987ರಲ್ಲಿ ನಾಪೋಲಿ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದಿದ್ದರಿಂದ, ಫೈನಲ್ ಸೋತು ಸೀರಿ ಬಿ ಗೂ ಇಳಿದಿದ್ದ ಅಟಲಾಂಟಾ ಯುರೋಪಿನ ಕಪ್ ವಿನ್ನರ್ಸ್ ಕಪ್‌ಗೆ ಹೋಗಿ ಸೆಮಿಫೈನಲ್‌ವರೆಗೆ ಆಡಿತು.

ಮೂರನೆಯದು ಅಂಗಿಯ ಮೇಲಿನ ಗುರುತು. ಹಸಿರು, ಬಿಳಿ, ಕೆಂಪು ಬಣ್ಣದ ದುಂಡನೆಯ ಲಾಂಛನವನ್ನು ಗೆದ್ದ ತಂಡ ಮುಂದಿನ ಋತುವಿಡೀ ಎದೆಯ ಮೇಲೆ ಧರಿಸುತ್ತದೆ. ಗುರಾಣಿ ಆಕಾರದ್ದು ಲೀಗ್ ಚಾಂಪಿಯನ್ನರದು. ದುಂಡಗಿದ್ದರೆ ಕಪ್, ಗುರಾಣಿಯಾದರೆ ಲೀಗ್ ಎಂದು ನೆನಪಿಟ್ಟುಕೊಳ್ಳಿ.

ಅತಿ ಹೆಚ್ಚು ಬಾರಿ ಗೆದ್ದವರು ಯಾರು?

2025ರ ಫೈನಲ್‌ವರೆಗಿನ ಲೆಕ್ಕ: ಯುವೆಂಟಸ್ 15, ಇಂಟರ್ ಮತ್ತು ರೋಮಾ ತಲಾ 9, ಲಾಜಿಯೊ 7, ಫಿಯೊರೆಂಟಿನಾ ಮತ್ತು ನಾಪೋಲಿ ತಲಾ 6, ಎಸಿ ಮಿಲಾನ್ ಮತ್ತು ಟೊರಿನೊ ತಲಾ 5, ಸಂಪ್ಡೋರಿಯಾ 4, ಪಾರ್ಮಾ ಮತ್ತು ಬೊಲೊನ್ಯಾ ತಲಾ 3. ಒಂದೊಂದು ಬಾರಿ ಗೆದ್ದವರು ವಾದೊ, ಜೆನೊವಾ, ವೆನೆಜಿಯಾ, ಅಟಲಾಂಟಾ, ವಿಚೆಂಜಾ. ಯುರೋಪಿನಲ್ಲಿ ಏಳು ಬಾರಿ ಚಾಂಪಿಯನ್ ಆದ ಎಸಿ ಮಿಲಾನ್ ಇಲ್ಲಿ ಇಷ್ಟು ಕೆಳಗಿರುವುದು ಹೊಸಬರಿಗೆ ಅಚ್ಚರಿ ತರುತ್ತದೆ. ಅದರ ಕೊನೆಯ ಕೊಪ್ಪಾ 2003ರದು. ಸತತವಾಗಿ ನಾಲ್ಕು ಗೆದ್ದಿರುವುದು ಯುವೆಂಟಸ್ ಮಾತ್ರ, 2015ರಿಂದ 2018ರವರೆಗೆ. ಆ ನಾಲ್ಕಕ್ಕೂ 2024ರದಕ್ಕೂ ಕೋಚ್ ಮಾಸಿಮಿಲಿಯಾನೊ ಅಲ್ಲೆಗ್ರಿ. ಐದು ಕೊಪ್ಪಾ ಗೆದ್ದ ಮೊದಲ ಕೋಚ್ ಅವರು.

ಸೀರಿ ಎ ಗಿಂತ ಕೆಳಗಿನ ತಂಡ ಎಂದಾದರೂ ಗೆದ್ದಿದೆಯೇ?

ಎರಡು ಬಾರಿ. 1922ರ ಮೊದಲ ಟೂರ್ನಿಯನ್ನು ಗೆದ್ದದ್ದು ಲಿಗುರಿಯಾ ಕರಾವಳಿಯ ಪುಟ್ಟ ಊರಿನ ವಾದೊ. ಆ ವರ್ಷ ಇಟಲಿಯ ಫುಟ್‌ಬಾಲ್ ಎರಡು ಬಣವಾಗಿತ್ತು, ದೊಡ್ಡ ಕ್ಲಬ್ಬುಗಳು ಒಕ್ಕೂಟ ಬಿಟ್ಟು ಬೇರೆ ಲೀಗ್ ನಡೆಸುತ್ತಿದ್ದವು. ಜುಲೈ 16ರ ಫೈನಲ್‌ನಲ್ಲಿ ಹದಿಹರೆಯದ ವಿರ್ಜಿಲಿಯೊ ಲೆವ್ರಾತ್ತೊ ಹೆಚ್ಚುವರಿ ಸಮಯದಲ್ಲಿ ಹೊಡೆದ ಗೋಲಿನಿಂದ ಉದಿನೇಜೆ 1-0ರಿಂದ ಸೋತಿತು. ಚೆಂಡು ಬಲೆಯನ್ನೇ ಹರಿದು ಹೋಯಿತೆಂದು ಹೇಳುತ್ತಾರೆ. 'ಬಲೆ ಹರಿಯುವವ' ಎಂಬ ಅಡ್ಡಹೆಸರು ಅವನಿಗೆ ಕೊನೆವರೆಗೂ ಉಳಿಯಿತು. ಎರಡನೆಯದು 1962ರ ನಾಪೋಲಿ. ಸೀರಿ ಬಿ ಯಲ್ಲಿದ್ದುಕೊಂಡೇ ಫೈನಲ್‌ನಲ್ಲಿ ಸ್ಪಾಲ್ ತಂಡವನ್ನು 2-1ರಿಂದ ಸೋಲಿಸಿತು, ಅದೇ ವರ್ಷ ಸೀರಿ ಎ ಗೆ ಬಡ್ತಿಯನ್ನೂ ಪಡೆಯಿತು.

ಹತ್ತಿರ ಬಂದು ತಪ್ಪಿಸಿಕೊಂಡವರು ಹಲವರು. ಸೀರಿ ಬಿ ಯಲ್ಲಿದ್ದಾಗ ಕತಂಜಾರೊ 1966ರಲ್ಲಿ, ಪಾದೊವಾ 1967ರಲ್ಲಿ, ಪಲೆರ್ಮೊ 1974 ಮತ್ತು 1979ರಲ್ಲಿ, ಅಂಕೋನಾ 1994ರಲ್ಲಿ ಫೈನಲ್ ಸೋತವು. ಮೂರನೇ ದರ್ಜೆಯ ಬಾರಿ ತಂಡ 1983-84ರಲ್ಲಿ ಯುವೆಂಟಸ್, ಫಿಯೊರೆಂಟಿನಾ ಎರಡನ್ನೂ ಹೊರದಬ್ಬಿ ಸೆಮಿಫೈನಲ್ ಆಡಿತು.

ಅದಾದ ಮೇಲೆ ಅಂಥ ಸಾಹಸ 2015-16ರ ಅಲೆಸಾಂಡ್ರಿಯಾದ್ದು. ಮೂರನೇ ದರ್ಜೆಯ ಈ ತಂಡ ಪಲೆರ್ಮೊ, ಜೆನೊವಾ ಎಂಬ ಎರಡು ಸೀರಿ ಎ ತಂಡಗಳನ್ನು ಅವರವರ ಅಂಗಳದಲ್ಲೇ ಸೋಲಿಸಿತು. ಕ್ವಾರ್ಟರ್‌ಫೈನಲ್‌ನಲ್ಲಿ ರೋಮಾ ಸಿಗಬೇಕಿತ್ತು. ಆದರೆ ಸೀರಿ ಬಿ ಯ ಸ್ಪೆಜಿಯಾ ಒಲಿಂಪಿಕೊದಲ್ಲೇ ರೋಮಾವನ್ನು ಪೆನಾಲ್ಟಿಯಲ್ಲಿ ಉರುಳಿಸಿತ್ತು. ಅಲೆಸಾಂಡ್ರಿಯಾ ಸ್ಪೆಜಿಯಾವನ್ನೂ 2-1ರಿಂದ ಗೆದ್ದು ಸೆಮಿಫೈನಲ್‌ಗೆ ಬಂತು. ಮಿಲಾನ್ ವಿರುದ್ಧದ 'ತವರು' ಲೆಗ್ಗನ್ನು ಊರಿನ ಹಳೆಯ ಸಣ್ಣ ಸ್ಟೇಡಿಯಂ ಬದಲು ಟ್ಯೂರಿನ್‌ನಲ್ಲಿ ಆಡಬೇಕಾಯಿತು. 0-1, ಆಮೇಲೆ 0-5. 2017ರ ಡಿಸೆಂಬರ್‌ನಲ್ಲಿ ಸೀರಿ ಸಿ ಯ ಪೊರ್ದೆನೊನೆ, ಮಿಲಾನ್ ನಗರದ ಸಾನ್ ಸಿರೊ ಸ್ಟೇಡಿಯಂನಲ್ಲಿ ಇಂಟರ್ ತಂಡವನ್ನು 120 ನಿಮಿಷ 0-0ಗೆ ಕಟ್ಟಿಹಾಕಿ, ಪೆನಾಲ್ಟಿಯಲ್ಲಿ 5-4ರಿಂದ ಸೋತಿತು.

1922ರಲ್ಲಿ ಶುರುವಾದ ಟೂರ್ನಿಯ ವಿಜೇತರ ಪಟ್ಟಿ ಇಷ್ಟು ಚಿಕ್ಕದೇಕೆ?

ನಡುವೆ ದೊಡ್ಡ ಕಂದಕಗಳಿವೆ. ಮೊದಲ ಟೂರ್ನಿಯ ನಂತರ 1926-27ರಲ್ಲಿ ಮತ್ತೆ ಪ್ರಯತ್ನಿಸಿ ಅರ್ಧಕ್ಕೇ ನಿಲ್ಲಿಸಿದರು. 1935-36ರಿಂದ 1942-43ರವರೆಗೆ ನಿಯಮಿತವಾಗಿ ನಡೆದು ಯುದ್ಧದಿಂದ ನಿಂತಿತು. ಮರಳಿ ಬಂದದ್ದು 1958ರಲ್ಲಿ, ಆಗ ಗೆದ್ದದ್ದು ಲಾಜಿಯೊ.

ಭಾರತದಲ್ಲಿ ಪಂದ್ಯ ಎಷ್ಟು ಹೊತ್ತಿಗೆ?

ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಇಟಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಉಳಿದ ತಿಂಗಳು ನಾಲ್ಕೂವರೆ ಗಂಟೆ. ಅಲ್ಲಿನ ಸಂಜೆ 6ರ ಪಂದ್ಯ ನಮಗೆ ಆಗಸ್ಟ್‌ನಲ್ಲಿ ರಾತ್ರಿ 9.30, ಡಿಸೆಂಬರ್‌ನಲ್ಲಿ 10.30. ರಾತ್ರಿ 9ರ ಪಂದ್ಯ ಆಗಸ್ಟ್, ಏಪ್ರಿಲ್, ಮೇ ತಿಂಗಳಲ್ಲಿ 12.30ಕ್ಕೆ, ಡಿಸೆಂಬರ್, ಫೆಬ್ರವರಿಯಲ್ಲಿ 1.30ಕ್ಕೆ. ಎಡವಟ್ಟಾಗುವುದು ತಾರೀಖಿನಲ್ಲಿ: 2025ರ ಫೈನಲ್ ಅಲ್ಲಿ ಮೇ 14ರ ಬುಧವಾರ, ನಮ್ಮಲ್ಲಿ ಆಗಲೇ ಮೇ 15ರ ಗುರುವಾರ. ಬುಧವಾರ ರಾತ್ರಿ ಮಲಗುವ ಮುಂಚೆ ಅಲಾರಂ ಇಡಬೇಕೇ ಹೊರತು ಗುರುವಾರ ರಾತ್ರಿಯಲ್ಲ.

ಇಟಲಿಯಲ್ಲಿ ಓದುತ್ತಿದ್ದೇನೆ, ಕೆಲಸದಲ್ಲಿದ್ದೇನೆ. ಟಿಕೆಟ್ ಪಡೆಯುವುದು ಹೇಗೆ?

ತವರು ಕ್ಲಬ್ಬಿನ ಅಧಿಕೃತ ಜಾಲತಾಣದಿಂದ. ಸೀಸನ್ ಟಿಕೆಟ್ ಇದ್ದವರಿಗೆ ಸಾಮಾನ್ಯವಾಗಿ ಕೆಲವು ದಿನ ಮೊದಲ ಅವಕಾಶ, ಉಳಿದದ್ದು ಎಲ್ಲರಿಗೂ. ಆಗಸ್ಟ್, ಸೆಪ್ಟೆಂಬರ್ ಸುತ್ತುಗಳಿಗೆ ಸುಲಭವಾಗಿ, ಲೀಗ್‌ಗಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಸಾನ್ ಸಿರೊದಂಥ ಸ್ಟೇಡಿಯಂ ಒಳಗಿನಿಂದ ನೋಡುವ ಆಸೆ ಇದ್ದರೆ ಅದೇ ಸರಿಯಾದ ಸಮಯ. ಫೈನಲ್‌ಗೆ ಒಲಿಂಪಿಕೊದ ಎರಡು ಬದಿಯ ಗ್ಯಾಲರಿಗಳು ಎರಡು ಕ್ಲಬ್ಬುಗಳ ಅಭಿಮಾನಿಗಳಿಗೆ ಹಂಚಿಕೆಯಾಗುತ್ತವೆ. ತಟಸ್ಥರು ಅಲ್ಲಿ ಜಾಗ ಹುಡುಕದೆ ಉದ್ದದ ಬದಿಯ ಗ್ಯಾಲರಿಯಲ್ಲಿ ಸೀಟು ನೋಡುವುದು ಒಳ್ಳೆಯದು.

ಇಟಲಿಯಲ್ಲಿ ಸ್ಟೇಡಿಯಂ ಟಿಕೆಟ್ ಮೇಲೆ ನೋಡುವವರ ಹೆಸರೇ ಮುದ್ರಿತವಾಗಿರುತ್ತದೆ, ಗೇಟಿನಲ್ಲಿ ಗುರುತಿನ ಚೀಟಿಯೊಂದಿಗೆ ತಾಳೆ ನೋಡುತ್ತಾರೆ. ನಮ್ಮವರಿಗೆ ತೊಡಕಾಗುವುದು ಇಲ್ಲೇ: ತಂದೆಯ ಹೆಸರೋ ಊರಿನ ಹೆಸರೋ ಸೇರಿ ಪಾಸ್‌ಪೋರ್ಟ್‌ನಲ್ಲಿ ಒಂದು ಕ್ರಮ, ಟಿಕೆಟ್‌ನಲ್ಲಿ ಇನ್ನೊಂದು. ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ತುಂಬಿ, ಮೂಲ ದಾಖಲೆಯನ್ನೇ ಒಯ್ಯಿರಿ. ಗೆಳೆಯರ ಹೆಸರಿನ ಟಿಕೆಟ್ ತೋರಿಸಿ ಒಳಗೆ ಹೋಗಲಾಗುವುದಿಲ್ಲ. ಹೆಸರು ಬದಲಾವಣೆಗೆ ಅವಕಾಶವಿದ್ದರೆ ಪಂದ್ಯಕ್ಕೆ ಮೊದಲೇ ಜಾಲತಾಣದಲ್ಲಿ ಮಾಡಿಸಿಕೊಳ್ಳಬೇಕು.

ಹುಡುಕಿದಾಗ 'ಕೊಪ್ಪಾ ಇಟಾಲಿಯಾ ಸೀರಿ ಸಿ' ಎಂದೂ ಬರುತ್ತದಲ್ಲ?

ಅದು ಮೂರನೇ ದರ್ಜೆಯ ಕ್ಲಬ್ಬುಗಳಿಗಷ್ಟೇ ಇರುವ ಬೇರೆ ಟೂರ್ನಿ. ಅದನ್ನು ಗೆದ್ದವರಿಗೆ ಸೀರಿ ಬಿ ಬಡ್ತಿಯ ಪ್ಲೇಆಫ್‌ನಲ್ಲಿ ಮುಂದಿನ ಹಂತದಿಂದ ಆಡುವ ಅನುಕೂಲ ಸಿಗುತ್ತದೆ. ಸೀರಿ ಡಿ ಗೆ, ಹವ್ಯಾಸಿ ಕ್ಲಬ್ಬುಗಳಿಗೆ, ಯುವ ತಂಡಗಳಿಗೆ, ಮಹಿಳಾ ತಂಡಗಳಿಗೆ ಇದೇ ಹೆಸರಿನ ಪ್ರತ್ಯೇಕ ಕಪ್‌ಗಳಿವೆ. ಫಲಿತಾಂಶ ನೋಡುವಾಗ ಹೆಸರಿನ ಮುಂದೆ ಏನು ಸೇರಿದೆ ಎಂದು ಗಮನಿಸಿ. ಏನೂ ಸೇರಿರದಿದ್ದರೆ, ಅಥವಾ ಪ್ರಾಯೋಜಕರ ಹೆಸರು ಮಾತ್ರ ಇದ್ದರೆ, ಅದು ಇಲ್ಲಿ ಹೇಳಿದ 44 ತಂಡಗಳ ಕಪ್.